ತೊಡೆಯ ಮೇಲೊಂದು ಝುಂ

ವಾಲ್ಪರೈಸೊದ ಗುಡ್ಡದ ನೆತ್ತಿಯಲ್ಲಿ
ಎರಡು ಮರದ ಬಂಡಿ, ಒಂದೇ ಉಕ್ಕಿನ ಹಗ್ಗ.
ಒಂದು ಹತ್ತಿದರೆ ಇನ್ನೊಂದು ಇಳಿಯಲೇಬೇಕು.
ಚೀಟಿ ಹರಿಯುವ ಕಿಂಡಿಯ ಹಿಂದೆ ಸುನಿಲ್ದಾ.
ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ,
ಅದೇ ಸನ್ನೆಕೋಲು.

ಚಿಲ್ಲರೆ ಕೊಡುತ್ತಾಳೆ, ನೋಡುತ್ತಾಳೆ.
ಬಾಗಿಲ ಕೊಂಡಿ ಹಾಕುತ್ತಾಳೆ, ನೋಡುತ್ತಾಳೆ.
ಬಂಡಿ ಅರ್ಧ ದಾರಿಯಲ್ಲಿದ್ದಾಗ
ಹೆಬ್ಬೆರಳಿನಿಂದ ಗಾಜನ್ನು ಕೆಳಕ್ಕೆ ಜಗ್ಗಿ ಬಿಡುತ್ತಾಳೆ,
ಬಾವಿಗೆ ಕೊಡ ಇಳಿಬಿಟ್ಟ ಹಾಗೆ.
ಕೊಡದಲ್ಲಿ ಏನು ಬಂತು?
ಯಾರದೋ ನಾಯಿ. ಯಾರದೋ ಮದುವೆಯ ಕೇಕು.
ಮೀನಿನ ಬೆಲೆ. ನಿನ್ನೆಯದೇ ಜಗಳ.
ಹತ್ತು ಸಲ ಬರೀ ಕೆಸರು,
ಹನ್ನೊಂದನೆಯ ಸಲ ಒಂದು ಹಿಡಿ ಮಿಂಚು.

ಬಂದರಿನ ಜೂಜುಕಟ್ಟೆಯಲ್ಲಿ ಅವಳಪ್ಪ
ಸಂಬಳದ ಲಕೋಟೆ ಬಿಚ್ಚುತ್ತಿದ್ದದ್ದೂ
ಆ ಹನ್ನೊಂದನೆಯದಕ್ಕೇ.
'ಪ್ರತಿ ಸಲ ಗೆದ್ದಿದ್ದರೆ ಬೇಸತ್ತು ಮನೆಗೆ ಬರುತ್ತಿದ್ದ,
ಎಂದೂ ಗೆಲ್ಲದಿದ್ದರೂ ಬರುತ್ತಿದ್ದ.
ಆಗೀಗ ಗೆದ್ದ ನೋಡು, ಅದೇ ನಮ್ಮನ್ನು ತಿಂದದ್ದು'
ಅನ್ನುತ್ತಿದ್ದಳು ಅಮ್ಮ, ಬಟಾಣಿ ಸುಲಿಯುತ್ತ.

ಈಚೆಗೆ ತೊಡೆಯ ಮೇಲೆ ಝುಂ ಎನ್ನುತ್ತದೆ.
ಕೈ ಹಾಕಿದರೆ ಜೇಬಲ್ಲಿ ಎರಡು ಪೆಪ್ಪರಮೆಂಟು, ಒಂದು ಗುಂಡಿ.
ಫೋನು ಮೇಜಿನ ಮೇಲೆ ಮಲಗಿದೆ,
ತನಗೇನೂ ಗೊತ್ತಿಲ್ಲದ ಹಾಗೆ.
ಕಾಲು ಕಳೆದುಕೊಂಡ ನಾವಿಕ ಅಬೆಲಾರ್ದೊ
ಇಲ್ಲದ ಕಾಲಿನ ಹೆಬ್ಬೆರಳು ತುರಿಸುತ್ತದೆ ಅನ್ನುತ್ತಾನೆ.
'ನನಗೆ ಇರುವ ಕಾಲಲ್ಲೇ ಇಲ್ಲದ್ದು ತುರಿಸುತ್ತದಲ್ಲ ಮಾರಾಯ!'
ನಕ್ಕಳು, ನಗುತ್ತಲೇ ನೋಡಿದಳು.
ಅವನೂ ತನ್ನದನ್ನು ನೋಡಿದ.
ಇಬ್ಬರ ಮುಖಕ್ಕೂ ಕೆಳಗಿನಿಂದ ನೀಲಿ ಬೆಳಕು,
ತೊಟ್ಟಿಲಿಗೆ ಬಗ್ಗಿದವರ ಹಾಗೆ.

ಯಾರಿಗೆ ಕಾಯುತ್ತೀ ಎಂದರೆ ಹೇಳಲಾರಳು.
ಗಂಡ ಮನೆಯಲ್ಲೇ ಇದ್ದಾನೆ, ರೇಡಿಯೋ ಬಿಚ್ಚಿಕೊಂಡು.
ತಂಗಿ ಎದುರು ಗುಡ್ಡದಲ್ಲಿ,
ಒಣಹಾಕಿದ ಬಟ್ಟೆಯ ಬಣ್ಣ ಕಾಣುವಷ್ಟು ಹತ್ತಿರ.
ಆದರೆ ಆ ದೊಡ್ಡ ನಡುಕದ ರಾತ್ರಿ
ಫೋನುಗಳೆಲ್ಲ ಕಲ್ಲಾಗಿ
ಎದುರು ಗುಡ್ಡ ಕತ್ತಲಾಗಿ
ಎರಡು ದಿನ ತಂಗಿಯ ಸುದ್ದಿಯಿರಲಿಲ್ಲ.
ಅಂದಿನಿಂದ ಸುನಿಲ್ದಾಗೆ ಮೌನವೆಂದರೆ
ಏನೋ ಆಗಿದೆ ಎಂದೇ ಅರ್ಥ.
ತಂಗಿ ಮೂರನೆಯ ದಿನ ನಡೆದೇ ಬಂದಳು,
ಕಂಕುಳಲ್ಲಿ ಕೋಳಿ ಹಿಡಿದು.
ಆ ಸುದ್ದಿ ಬೆರಳಿಗೆ ಮಾತ್ರ ಇನ್ನೂ ಮುಟ್ಟಿಲ್ಲ.

ಮೊನ್ನೆ, ಜೂನಿನ ಚಳಿಯ ಮಂಗಳವಾರ.
ಸಂಜೆವರೆಗೆ ಮುಟ್ಟೆನೆಂದು ಪಣ ತೊಟ್ಟು
ಬಿಸ್ಕತ್ತಿನ ಡಬ್ಬಿಯಲ್ಲಿ ಫೋನು ಹಾಕಿ
ಮೇಲೆ ನಾಣ್ಯ ಸುರಿದು ಹುಗಿದಿದ್ದಳು.
ನಾಲ್ಕು ಹತ್ತಕ್ಕೆ ತೊಡೆ ಝುಂ ಎಂದಿತು.
ಸುಳ್ಳು. ನರದ ಚೇಷ್ಟೆ.
ಹಲ್ಲು ಕಚ್ಚಿ ಕೂತಳು.
ಮೊಣಕಾಲಿಗೆ ಬಂತು. ಕುರ್ಚಿಗೆ ಇಳಿಯಿತು.
ಆಗ ಕಂಡಳು, ನೆತ್ತಿಯ ಬಲ್ಬು ತೂಗುತ್ತಿದೆ,
ತಟ್ಟೆಯ ಚಿಲ್ಲರೆ ತನ್ನನ್ನು ತಾನೇ ಎಣಿಸಿಕೊಳ್ಳುತ್ತಿದೆ,
ಹಗ್ಗ ನರಳುತ್ತಿದೆ,
ನಡುದಾರಿಯ ಬಂಡಿಯಲ್ಲಿ ಒಂಬತ್ತು ಮಂದಿ.
ಎದ್ದು ಎರಡೂ ಕೈಯಲ್ಲಿ ಸನ್ನೆಕೋಲು ಜಗ್ಗಿದಳು.
ಹದಿನೇಳು ಸೆಕೆಂಡು
ಕೈಗಳಿಗೆ ಬೇರೆ ಏನೂ ಬೇಕೆನಿಸಲಿಲ್ಲ.

ಭೂಮಿ ಸುಮ್ಮನಾಯಿತು.
ಎದುರು ಗುಡ್ಡದಲ್ಲಿ ತಂಗಿ ಕೆಂಪು ಹೊದಿಕೆ ಬೀಸಿದಳು,
ಇವಳು ಟೋಪಿ ಬೀಸಿದಳು. ಅಷ್ಟೇ, ಮಾತು ಮುಗಿಯಿತು.
ಬಂಡಿಯ ಕಿಟಕಿಯಲ್ಲಿ ಒಂಬತ್ತು ತಲೆ,
ಸಮುದ್ರಕ್ಕೆ ಬೆನ್ನು ಮಾಡಿ
ಒಂಬತ್ತೂ ಕೆಳಗೆ ಬಾಗಿದ್ದವು.
ಬೈಯಬೇಕೆಂದು ಬಾಯಿ ತೆರೆದಳು.

ಅಷ್ಟರಲ್ಲಿ ನಾಣ್ಯಗಳ ಅಡಿಯಲ್ಲಿ
ಝುಂ.
ಸುನಿಲ್ದಾ ಎಣಿಸತೊಡಗಿದಳು,
ನಡುಕ ನಿಲ್ಲುವವರೆಗೆ ಈ ಊರಲ್ಲಿ ಎಣಿಸುವ ಹಾಗೆ.
ಒಂದು. ಎರಡು. ಮೂರು.

ನಾಲ್ಕಕ್ಕೆ ಕೈ ಹೋಯಿತು.